ಮೈಎಸ್‌ಕ್ಯೂಎಲ್ 8.0ಕ್ಕೆ ಬಂದ ಮೇಲೆ ಡಿಸ್ಕ್ ತುಂಬುತ್ತಿದ್ದರೆ: ಬೆಳೆದ ಕಡತವನ್ನು ಗುರುತಿಸಿ ಸರಿಪಡಿಸುವ ಕ್ರಮ

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್‌ನ 5.7 ಆವೃತ್ತಿಯ ಅಧಿಕೃತ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು. ಲೆಕ್ಕಪತ್ರ, ದಾಸ್ತಾನು, ಗ್ರಂಥಾಲಯ, ಆಸ್ಪತ್ರೆ ದಾಖಲೆಗಳಂಥ ತಂತ್ರಾಂಶಗಳನ್ನು ಅದರ ಮೇಲೆ ನಡೆಸುತ್ತಿದ್ದವರಿಗೆ 8.0 ಆವೃತ್ತಿಗೆ ಬರದೆ ಬೇರೆ ದಾರಿ ಉಳಿಯಲಿಲ್ಲ. ಅಪ್‌ಗ್ರೇಡ್ ಸುಸೂತ್ರವಾಗಿ ಮುಗಿಯುತ್ತದೆ, ತಂತ್ರಾಂಶ ಎಂದಿನಂತೆ ನಡೆಯುತ್ತದೆ, ದಿನಕ್ಕೆ ಸೇರುವ ದಾಖಲೆಗಳ ಪ್ರಮಾಣವೂ ಹಿಂದಿನಷ್ಟೇ ಇರುತ್ತದೆ. ಆದರೆ ಕೆಲವೇ ವಾರಗಳಲ್ಲಿ ಡಿಸ್ಕ್‌ನಲ್ಲಿ ಜಾಗ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಬರಲು ತೊಡಗುತ್ತದೆ. ಇಂಥ ಸಂದರ್ಭದಲ್ಲಿ ಬೆಳೆದಿರುವುದು ನಿಮ್ಮ ದತ್ತಾಂಶವೇ ಎಂದು ತಕ್ಷಣ ನಂಬಬಾರದು. ಹೆಚ್ಚಿನ ಸಂದರ್ಭಗಳಲ್ಲಿ ಬೆಳೆಯುವುದು ದತ್ತಾಂಶದ ಸುತ್ತ ಸರ್ವರ್ ತಾನಾಗಿ ಇಟ್ಟುಕೊಳ್ಳುವ ಲಾಗ್ ಮತ್ತು ಕಾರ್ಯಕಾರಿ ಕಡತಗಳು. ಹೊಸ ಆವೃತ್ತಿಯಲ್ಲಿ ಅವುಗಳ ಮೂಲ ಸೆಟ್ಟಿಂಗ್‌ಗಳು ಬದಲಾಗಿರುವುದೇ ಬೆಳವಣಿಗೆಗೆ ಕಾರಣವಾಗಿರುತ್ತದೆ. ಪ್ರತಿಯೊಂದು ಬಗೆಯ ಕಡತಕ್ಕೂ ಜಾಗ ಬಿಡಿಸುವ ಅದರದೇ ಕ್ರಮವಿದೆ. ಒಂದರ ಕ್ರಮವನ್ನು ಇನ್ನೊಂದಕ್ಕೆ ಬಳಸಿದರೆ ಹಾನಿ ತಪ್ಪದು. ಆದ್ದರಿಂದ ಯಾವ ಕಡತ ಬೆಳೆದಿದೆ ಎಂಬುದು ಖಚಿತವಾಗುವ ತನಕ ಏನನ್ನೂ ಅಳಿಸಬಾರದು, ಯಾವ ಟೇಬಲ್ಲನ್ನೂ ಆಪ್ಟಿಮೈಸ್ ಮಾಡಲು, ಅಂದರೆ ಹೊಸದಾಗಿ ಕಟ್ಟಿಸಲು, ಹೋಗಬಾರದು.

ಆಜ್ಞೆಗಳನ್ನೂ ಸೆಟ್ಟಿಂಗ್‌ಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಸರ್ವರ್‌ಗೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಸೆಟ್ಟಿಂಗ್‌ಗಳ ಮತ್ತು ಪಟ್ಟಿಗಳ ಹೆಸರಿನಲ್ಲಿ ಪದಗಳ ನಡುವೆ ಜಾಗದ ಬದಲು ಅಂಡರ್‌ಸ್ಕೋರ್ ಹಾಕಬೇಕು. ಮೊದಲು ‘ಸೆಲೆಕ್ಟ್ ವರ್ಷನ್’ ಎಂದು (ಕೊನೆಯಲ್ಲಿ ಖಾಲಿ ಆವರಣ ಚಿಹ್ನೆ ಹಾಕಿ) ಕೇಳಿ ನಿಮ್ಮಲ್ಲಿರುವುದು ಮೈಎಸ್‌ಕ್ಯೂಎಲ್ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಅದರ ಜಾಗದಲ್ಲಿ ಅದರಿಂದಲೇ ಕವಲೊಡೆದ ಮಾರಿಯಾಡಿಬಿ ಇರುತ್ತದೆ, ಮತ್ತು ಕೆಳಗಿನ ಅನೇಕ ವಿವರಗಳು ಅದಕ್ಕೆ ಅನ್ವಯಿಸುವುದಿಲ್ಲ.

ಮೊದಲು ಅಳತೆ

ಡಿಸ್ಕ್‌ನ ಒಟ್ಟು ಬಳಕೆಯನ್ನು ತೋರಿಸುವ ‘ಡಿಎಫ್’ ಮತ್ತು ಫೋಲ್ಡರ್‌ಗಳ ಗಾತ್ರವನ್ನು ಕೂಡಿ ಹೇಳುವ ‘ಡಿಯು’ ಎಂಬ ಎರಡು ಲಿನಕ್ಸ್ ಆಜ್ಞೆಗಳನ್ನು ಒಂದಾದ ಮೇಲೊಂದು ನಡೆಸಿ, ಎರಡರ ಲೆಕ್ಕ ಹೊಂದುತ್ತದೆಯೇ ನೋಡಿ. ಹೊಂದಿದರೆ ಬೆಳೆದ ಕಡತ ಕಣ್ಣಿಗೆ ಕಾಣುವಂಥದ್ದು. ಡೇಟಾ ಫೋಲ್ಡರ್‌ನಲ್ಲಿರುವ ಕಡತಗಳನ್ನು ಗಾತ್ರದ ಇಳಿಕೆಯ ಕ್ರಮದಲ್ಲಿ ಪಟ್ಟಿ ಮಾಡಿದರೆ ಅದು ಮೇಲೆಯೇ ಸಿಗುತ್ತದೆ. ಡೇಟಾ ಫೋಲ್ಡರ್ ಎಲ್ಲಿದೆ ಎಂಬುದನ್ನು ಊಹಿಸದೆ, ‘ಡೇಟಾಡಿರ್’ ಎಂಬ ಸೆಟ್ಟಿಂಗ್‌ನ ಮೌಲ್ಯವನ್ನು ಸರ್ವರ್‌ನಿಂದಲೇ ಕೇಳಿ ತಿಳಿಯುವುದು ಸರಿಯಾದ ಕ್ರಮ. ಒಂದು ವೇಳೆ ಡಿಎಫ್ ಹೇಳುವ ಬಳಕೆ ಡಿಯು ಹೇಳುವುದಕ್ಕಿಂತ ಬಹಳ ಹೆಚ್ಚಾಗಿದ್ದರೆ, ಅಳಿಸಿ ಹೋದರೂ ಯಾವುದೋ ಪ್ರಕ್ರಿಯೆ ಇನ್ನೂ ತೆರೆದಿಟ್ಟುಕೊಂಡಿರುವ ಕಡತಗಳು ಇವೆ ಎಂದರ್ಥ. ‘ಎಲ್‌ಎಸ್‌ಒಎಫ್’ ಆಜ್ಞೆಗೆ ಪ್ಲಸ್ ಚಿಹ್ನೆ, ದೊಡ್ಡ ಎಲ್ ಮತ್ತು 1 ಕೊಟ್ಟರೆ ಅಂಥ ಕಡತಗಳ ಪಟ್ಟಿ ಬರುತ್ತದೆ. ಮೊದಲೇ ಯಾರಾದರೂ ಗಾಬರಿಯಿಂದ ಲಾಗ್ ಕಡತವನ್ನು ಅಳಿಸಿದ್ದರೆ ಅದು ಇಲ್ಲಿ ಸಿಕ್ಕಿಬೀಳುತ್ತದೆ. ಸರ್ವರ್ ಆ ಕಡತವನ್ನು ಮುಚ್ಚುವ ತನಕ ಜಾಗ ಮರಳಿ ಸಿಗುವುದಿಲ್ಲ.

ಅಳತೆಯಲ್ಲಿ 8.0ಕ್ಕೆ ವಿಶಿಷ್ಟವಾದ ಒಂದು ತೊಡಕಿದೆ, ಮತ್ತು ಅದು ತಿಳಿಯದಿದ್ದರೆ ಮುಂದಿನ ಪತ್ತೆಕಾರ್ಯವೆಲ್ಲ ದಾರಿ ತಪ್ಪುತ್ತದೆ. ಟೇಬಲ್‌ಗಳ ಗಾತ್ರ ತಿಳಿಯಲು ನಾವೆಲ್ಲರೂ ಸರ್ವರ್ ತನ್ನ ಬಗೆಗಿನ ಮಾಹಿತಿಯನ್ನು ತೋರಿಸುವ ಇನ್‌ಫರ್ಮೇಶನ್ ಸ್ಕೀಮಾದ ‘ಟೇಬಲ್ಸ್’ ಪಟ್ಟಿಯನ್ನು ಕೇಳುವುದು ವಾಡಿಕೆ. 8.0ರಲ್ಲಿ ಆ ಅಂಕಿಗಳು ಪ್ರತಿ ಬಾರಿ ಹೊಸದಾಗಿ ಎಣಿಸಿದವಲ್ಲ. ಒಮ್ಮೆ ಸಂಗ್ರಹಿಸಿ ಇಟ್ಟುಕೊಂಡವು. ‘ಇನ್‌ಫರ್ಮೇಶನ್ ಸ್ಕೀಮಾ ಸ್ಟ್ಯಾಟ್ಸ್ ಎಕ್ಸ್‌ಪೈರಿ’ ಎಂಬ ಸೆಟ್ಟಿಂಗ್‌ನ ಮೂಲ ಮೌಲ್ಯ 86400 ಸೆಕೆಂಡ್, ಅಂದರೆ ಒಂದು ಪೂರ್ತಿ ದಿನ. ಬೆಳಿಗ್ಗೆ ಒಂದು ಟೇಬಲ್ 10 ಜಿಬಿ ಬೆಳೆದಿದ್ದರೂ ಸಂಜೆಯವರೆಗೆ ಹಳೆಯ ಅಂಕಿಯೇ ಕಾಣಬಹುದು. ನಿಮ್ಮ ಸೆಷನ್‌ನಲ್ಲಿ, ಅಂದರೆ ಸರ್ವರ್ ಜೊತೆಗಿನ ನಿಮ್ಮ ಸಂಪರ್ಕದಲ್ಲಿ, ಈ ಮೌಲ್ಯವನ್ನು ಸೊನ್ನೆ ಮಾಡಿಕೊಂಡು ಮತ್ತೆ ಕೇಳಿದರೆ ಹೊಸ ಅಂಕಿ ಬರುತ್ತದೆ. ಅದಕ್ಕಿಂತ ನಂಬಲರ್ಹವಾದದ್ದು ‘ಇನ್ನೋಡಿಬಿ ಟೇಬಲ್‌ಸ್ಪೇಸಸ್’ ಎಂಬ ಇನ್ನೊಂದು ಪಟ್ಟಿಯ ‘ಫೈಲ್ ಸೈಜ್’ ಕಾಲಂ. ಅದು ಡಿಸ್ಕ್‌ನ ಮೇಲಿರುವ ಕಡತದ ಗಾತ್ರವನ್ನೇ ಹೇಳುತ್ತದೆ.

ಒಂದೇ ಅಳತೆಯಿಂದ ಕಾರಣ ತಿಳಿಯುವುದಿಲ್ಲ. ಡೇಟಾ ಫೋಲ್ಡರ್‌ನ ಕಡತಗಳ ಹೆಸರು ಮತ್ತು ಗಾತ್ರವನ್ನು ದಿನಕ್ಕೆ ಕೆಲವು ಬಾರಿ ಬೇರೊಂದು ಡಿಸ್ಕ್‌ನಲ್ಲಿ ದಾಖಲಿಸುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಕೂಡಲೇ ಆರಂಭಿಸಿ. ಬೆಳವಣಿಗೆಯ ರೀತಿಯೇ ಅದರ ಮೂಲವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಅಪ್‌ಗ್ರೇಡ್ ಆದ ದಿನದಿಂದ ಪ್ರತಿದಿನ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಏರಿ ಸುಮಾರು ಒಂದು ತಿಂಗಳಿಗೆ ನಿಂತರೆ ಅದು ಬದಲಾವಣೆಗಳನ್ನೆಲ್ಲ ದಾಖಲಿಸುವ ಬೈನರಿ ಲಾಗ್. ರಾತ್ರಿ ನಡೆಯುವ ವರದಿ ಅಥವಾ ಬ್ಯಾಕಪ್ ಕೆಲಸದ ಹೊತ್ತಿಗೆ ಏರುತ್ತ ಹೋದರೆ ಸಾಲುಗಳ ಹಿಂದಿನ ರೂಪವನ್ನು ಇಡುವ ಅನ್‌ಡೂ ಕಡತ. ಹಠಾತ್ತನೆ ಕೆಲವೇ ನಿಮಿಷಗಳಲ್ಲಿ ನೆಗೆದರೆ ತಾತ್ಕಾಲಿಕ ಟೇಬಲ್ ಎಂದು ಮೊದಲು ಅನುಮಾನಿಸಬಹುದು.

ಡಿಸ್ಕ್ ಈಗಾಗಲೇ ಪೂರ್ತಿ ತುಂಬಿಹೋಗಿದ್ದರೆ ಪತ್ತೆಗೆ ಮೊದಲು ಉಸಿರಾಡಲು ಜಾಗ ಬೇಕು. ಆ ಜಾಗವನ್ನು ಡೇಟಾ ಫೋಲ್ಡರ್‌ನ ಹೊರಗಿನಿಂದಲೇ ಹುಡುಕಬೇಕು. ಅಪ್‌ಗ್ರೇಡ್‌ಗೆ ಮುನ್ನ ಮಾಡಿಟ್ಟ ಹಳೆಯ ಡೇಟಾ ಫೋಲ್ಡರ್‌ನ ಪ್ರತಿ ಅದೇ ಡಿಸ್ಕ್‌ನಲ್ಲಿ ಮರೆತು ಉಳಿದಿರುವುದು ಅಪರೂಪವಲ್ಲ. ಅದನ್ನು ಅಳಿಸದೆ ಬೇರೆ ಡಿಸ್ಕ್‌ಗೆ ಸಾಗಿಸಿ, ಏಕೆಂದರೆ 8.0ರಿಂದ 5.7ಕ್ಕೆ ಹಿಂದಿರುಗಲು ಬೆಂಬಲಿತ ಮಾರ್ಗವಿಲ್ಲ. ಹಿಂದಕ್ಕೆ ಹೋಗುವುದೇ ಆದರೆ ಆ ಹಳೆಯ ಪ್ರತಿಯೊಂದೇ ಆಧಾರ.

ಬೈನರಿ ಲಾಗ್: ಮೊದಲು ನೋಡಬೇಕಾದದ್ದು

5.7ರಲ್ಲಿ ಬೈನರಿ ಲಾಗ್ ಬೇಕೆಂದವರು ಅದನ್ನು ತಾವಾಗಿ ಆರಂಭಿಸಬೇಕಿತ್ತು. 8.0ರಲ್ಲಿ ನಾವು ಹೇಳದಿದ್ದರೂ ಅದು ಆರಂಭವಾಗಿರುತ್ತದೆ. ಒಂದೇ ಸರ್ವರ್ ಇಟ್ಟುಕೊಂಡು, ರೆಪ್ಲಿಕಾ ಎಂಬುದನ್ನು (ಮುಖ್ಯ ಸರ್ವರ್‌ನ ಬದಲಾವಣೆಗಳನ್ನು ಓದಿ ನಕಲಿಸಿಕೊಳ್ಳುವ ಇನ್ನೊಂದು ಸರ್ವರನ್ನು) ಎಂದೂ ಬಳಸದ ಕಚೇರಿಗಳಲ್ಲಿ ಅಪ್‌ಗ್ರೇಡ್‌ನ ನಂತರ ‘ಬಿನ್‌ಲಾಗ್’ ಎಂಬ ಹೆಸರಿನ, ಆರು ಅಂಕಿಗಳ ಕ್ರಮಸಂಖ್ಯೆಯುಳ್ಳ ಕಡತಗಳು ಸಾಲಾಗಿ ಹುಟ್ಟಿಕೊಳ್ಳುವುದು ಇದರಿಂದಲೇ. ದತ್ತಾಂಶದಲ್ಲಿ ಆಗುವ ಪ್ರತಿ ಬದಲಾವಣೆಯೂ ಟೇಬಲ್‌ನ ಕಡತದಲ್ಲಿ ದಾಖಲಾಗುವುದರ ಜೊತೆಗೆ ಈ ಲಾಗ್‌ನಲ್ಲೂ ಬರೆಯಲ್ಪಡುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ ಲಾಗ್ ಸಾಲು ಆಧಾರಿತವಾಗಿರುತ್ತದೆ, ಮತ್ತು ಬದಲಾದ ಪ್ರತಿ ಸಾಲಿನ ಹಿಂದಿನ ಹಾಗೂ ಮುಂದಿನ ರೂಪ ಎರಡನ್ನೂ ಪೂರ್ತಿಯಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ಲಕ್ಷ ಸಾಲುಗಳ ಒಂದೇ ಒಂದು ಕಾಲಂ ಬದಲಾಯಿಸುವ ಒಂದು ಸಾಲಿನ ಅಪ್‌ಡೇಟ್ ಆಜ್ಞೆ ಟೇಬಲ್‌ನ ಕಡತವನ್ನು ಸ್ವಲ್ಪವೂ ಹಿಗ್ಗಿಸದೆ ಇರಬಹುದು, ಆದರೆ ಲಾಗ್‌ನಲ್ಲಿ ಎರಡು ಲಕ್ಷ ಸಾಲುಗಳನ್ನು ಬರೆಯುತ್ತದೆ. ‘ದಿನಕ್ಕೆ ನಾವು ಸೇರಿಸುವುದು ಸ್ವಲ್ಪವೇ’ ಎಂಬ ಮಾತು ನಿಜವಾಗಿದ್ದರೂ ಲಾಗ್ ದೊಡ್ಡದಾಗುವುದು ಈ ಕಾರಣಕ್ಕೆ.

ಈ ಲಾಗ್‌ಗಳ ಆಯಸ್ಸನ್ನು ನಿರ್ಧರಿಸುವುದು ‘ಬಿನ್‌ಲಾಗ್ ಎಕ್ಸ್‌ಪೈರ್ ಲಾಗ್ಸ್ ಸೆಕೆಂಡ್ಸ್’ ಎಂಬ ಸೆಟ್ಟಿಂಗ್. ಅದರ ಮೂಲ ಮೌಲ್ಯ 2592000 ಸೆಕೆಂಡ್, ಅಂದರೆ 30 ದಿನ. ದಿನಕ್ಕೆ 2 ಜಿಬಿ ಲಾಗ್ ಹುಟ್ಟುವ ಕಡೆ ಅದು 60 ಜಿಬಿಯವರೆಗೆ ಏರಿ ಅಲ್ಲಿ ನಿಲ್ಲುತ್ತದೆ. ಡಿಸ್ಕ್‌ನಲ್ಲಿ ಅಷ್ಟು ಜಾಗವಿದ್ದರೆ ಆತಂಕಕ್ಕೆ ಕಾರಣವೇ ಇಲ್ಲ. ಇಲ್ಲದಿದ್ದರೆ 30 ದಿನ ತುಂಬುವ ಮೊದಲೇ ಡಿಸ್ಕ್ ತುಂಬುತ್ತದೆ. ‘ಶೋ ಬೈನರಿ ಲಾಗ್ಸ್’ ಆಜ್ಞೆ ಈಗಿರುವ ಎಲ್ಲ ಲಾಗ್ ಕಡತಗಳನ್ನೂ ಅವುಗಳ ಗಾತ್ರವನ್ನೂ ಕೊಡುತ್ತದೆ. ಅವನ್ನು ಕೂಡಿ, ದಿನಗಳಿಂದ ಭಾಗಿಸಿ, ನಿಮ್ಮಲ್ಲಿ ದಿನಕ್ಕೆ ಹುಟ್ಟುವ ಲಾಗ್ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ.

ಮೂವತ್ತು ದಿನ ಕಳೆದರೂ ಬೆಳವಣಿಗೆ ನಿಲ್ಲದಿದ್ದರೆ ಹಳೆಯ ಸೆಟ್ಟಿಂಗ್ ಕಡತವನ್ನು ತೆರೆದು ನೋಡಬೇಕು. 5.7ರ ಕಾಲದಲ್ಲಿ ಇದೇ ಕೆಲಸಕ್ಕೆ ‘ಎಕ್ಸ್‌ಪೈರ್ ಲಾಗ್ಸ್ ಡೇಸ್’ ಎಂಬ ಸೆಟ್ಟಿಂಗ್ ಇತ್ತು, ಮತ್ತು ಅದರಲ್ಲಿ ಸೊನ್ನೆ ಎಂದರೆ ಲಾಗ್‌ಗಳನ್ನು ಎಂದೂ ತಾನಾಗಿ ಅಳಿಸಬೇಡ ಎಂದರ್ಥ. ಆ ಸೊನ್ನೆಯ ಸಾಲು ಹಳೆಯ ಕಡತದಲ್ಲಿ ಉಳಿದಿದ್ದು, ಹೊಸ ಸೆಟ್ಟಿಂಗ್ ಬಗ್ಗೆ ಕಡತದಲ್ಲಿ ಏನೂ ಹೇಳಿರದಿದ್ದರೆ, 8.0 ಆ ಹಳೆಯ ಮಾತನ್ನೇ ಗೌರವಿಸುತ್ತದೆ: 30 ದಿನಗಳ ಮೂಲ ಮೌಲ್ಯ ಜಾರಿಗೆ ಬರುವುದಿಲ್ಲ, ಲಾಗ್‌ಗಳು ಕೊನೆಯಿಲ್ಲದೆ ಸೇರುತ್ತವೆ. ಬೈನರಿ ಲಾಗ್ ಬಳಕೆಯಲ್ಲೇ ಇಲ್ಲದ 5.7ರಲ್ಲಿ ಯಾವ ಪರಿಣಾಮವನ್ನೂ ಬೀರದಿದ್ದ ಒಂದು ಸಾಲು 8.0ರಲ್ಲಿ ಡಿಸ್ಕ್ ತುಂಬಿಸುವಂತಾಗುವುದು ಹೀಗೆ. ಆ ಸಾಲನ್ನು ತೆಗೆದು, ಅದರ ಜಾಗದಲ್ಲಿ ಸೆಕೆಂಡ್‌ಗಳ ಹೊಸ ಸೆಟ್ಟಿಂಗನ್ನು ಬರೆದು ಸರ್ವರನ್ನು ಮರುಆರಂಭಿಸುವುದೇ ಪರಿಹಾರ. ಈ ಸಾಲನ್ನು ಈಗಲೇ ತೆಗೆಯಲು ಇನ್ನೊಂದು ಕಾರಣವೂ ಇದೆ: 8.4 ಆವೃತ್ತಿಯಲ್ಲಿ ಹಳೆಯ ಸೆಟ್ಟಿಂಗನ್ನು ಪೂರ್ತಿ ಕೈಬಿಡಲಾಗಿದ್ದು, ಆ ಸಾಲು ಉಳಿದಿದ್ದರೆ ಅಲ್ಲಿ ಸರ್ವರ್ ಆರಂಭವಾಗುವುದೇ ಇಲ್ಲ.

ಎಷ್ಟು ದಿನಗಳ ಲಾಗ್ ಇಡಬೇಕು ಎಂಬುದಕ್ಕೆ ಬ್ಯಾಕಪ್ ಪದ್ಧತಿಯೇ ಅಳತೆಗೋಲು. ಡಿಸ್ಕ್‌ನ ಗಾತ್ರವನ್ನಷ್ಟೇ ನೋಡಿ ಇದನ್ನು ನಿರ್ಧರಿಸಬಾರದು. ಭಾನುವಾರ ಪೂರ್ಣ ಬ್ಯಾಕಪ್ ತೆಗೆದು, ಗುರುವಾರ ಮಧ್ಯಾಹ್ನ ಯಾರೋ ತಪ್ಪಾಗಿ ಒಂದು ಟೇಬಲ್ ಅಳಿಸಿದರೆ, ಭಾನುವಾರದ ಪ್ರತಿಯನ್ನು ಮರಳಿ ತುಂಬಿ, ಅಲ್ಲಿಂದ ಗುರುವಾರದ ಆ ಕ್ಷಣದ ಹಿಂದಿನವರೆಗಿನ ಬದಲಾವಣೆಗಳನ್ನು ಬೈನರಿ ಲಾಗ್‌ನಿಂದ ಮತ್ತೆ ನಡೆಸಿ ಎಲ್ಲವನ್ನೂ ಉಳಿಸಿಕೊಳ್ಳಬಹುದು. ಈ ಸೌಲಭ್ಯ 5.7ರಲ್ಲಿ ನಿಮಗೆ ಇಲ್ಲದಿದ್ದಿರಬಹುದು, 8.0 ಅದನ್ನು ಕೇಳದೆಯೇ ಕೊಟ್ಟಿದೆ. ಜಾಗ ತಿನ್ನುತ್ತದೆ ಎಂಬ ಒಂದೇ ಕಾರಣಕ್ಕೆ ಬೈನರಿ ಲಾಗನ್ನು ಪೂರ್ತಿ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಎರಡು ಪೂರ್ಣ ಬ್ಯಾಕಪ್‌ಗಳ ನಡುವಿನ ಅವಧಿಗಿಂತ ಸ್ವಲ್ಪ ಹೆಚ್ಚು ದಿನಗಳ ಲಾಗ್ ಇಟ್ಟುಕೊಂಡರೆ ಸಾಕು. ದಿನವೂ ಬ್ಯಾಕಪ್ ತೆಗೆಯುವ ಕಡೆ 259200 ಸೆಕೆಂಡ್, ಅಂದರೆ 3 ದಿನ, ಸಾಕಾಗುತ್ತದೆ. ವಾರಕ್ಕೊಮ್ಮೆ ತೆಗೆಯುವ ಕಡೆ 864000, ಅಂದರೆ 10 ದಿನ ಇರಲಿ. ನಿಲ್ಲಿಸಲೇಬೇಕಾದ ಪರೀಕ್ಷಾ ಯಂತ್ರಗಳಲ್ಲಿ ಮಾತ್ರ ಸೆಟ್ಟಿಂಗ್ ಕಡತದಲ್ಲಿ ‘ಸ್ಕಿಪ್ ಲಾಗ್ ಬಿನ್’ ಬರೆದು ಮರುಆರಂಭಿಸಬಹುದು.

ಅವಧಿಯನ್ನು ಕಡಿಮೆ ಮಾಡಿದ ಕೂಡಲೇ ಜಾಗ ಸಿಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಅವಧಿ ಮೀರಿದ ಲಾಗ್‌ಗಳನ್ನು ಸರ್ವರ್ ಅಳಿಸುವುದು ತಾನು ಆರಂಭವಾಗುವಾಗ ಅಥವಾ ಒಂದು ಲಾಗ್ ಕಡತ ಮುಗಿದು ಇನ್ನೊಂದಕ್ಕೆ ಹೋಗುವಾಗ ಮಾತ್ರ. ಒಂದು ಕಡತ 1 ಜಿಬಿ ಆದಾಗ ಸರ್ವರ್ ಹೊಸದಕ್ಕೆ ಹೋಗುತ್ತದೆ, ಆದರೆ ಒಂದು ಟ್ರಾನ್ಸಾಕ್ಷನ್ ಅನ್ನು (ಒಟ್ಟಾಗಿ ನಡೆಯುವ ಆಜ್ಞೆಗಳ ಗುಂಪನ್ನು) ಎರಡು ಕಡತಗಳಿಗೆ ಒಡೆಯುವುದಿಲ್ಲವಾದ್ದರಿಂದ ದೊಡ್ಡ ಟ್ರಾನ್ಸಾಕ್ಷನ್ ಬಂದಾಗ ಕಡತ ಆ ಮಿತಿಯನ್ನು ಮೀರಬಹುದು. ‘ಫ್ಲಶ್ ಬೈನರಿ ಲಾಗ್ಸ್’ ಆಜ್ಞೆ ಕೊಟ್ಟರೆ ಬದಲಾವಣೆ ತಕ್ಷಣ ಆಗಿ, ಅವಧಿ ಮೀರಿದವು ಹೋಗುತ್ತವೆ. ನಿರ್ದಿಷ್ಟ ದಿನಾಂಕದ ಹಿಂದಿನ ಲಾಗ್‌ಗಳನ್ನು ಈಗಲೇ ತೆಗೆಯಬೇಕಾದರೆ ‘ಪರ್ಜ್ ಬೈನರಿ ಲಾಗ್ಸ್ ಬಿಫೋರ್’ ಎಂದು ಆ ದಿನಾಂಕವನ್ನು ಕೊಡಬೇಕು. ಹೀಗೆ ತೆಗೆಯುವ ಮೊದಲು ರೆಪ್ಲಿಕಾಗಳಿದ್ದರೆ ಅವು ಎಲ್ಲಿಯವರೆಗೆ ಓದಿವೆ ಎಂಬುದನ್ನು ನೋಡಲೇಬೇಕು. ಸಂಪರ್ಕದಲ್ಲಿರುವ ರೆಪ್ಲಿಕಾ ಓದುತ್ತಿರುವ ಕಡತವನ್ನು ಸರ್ವರ್ ಅಳಿಸುವುದಿಲ್ಲ, ಆದರೆ ಸಂಪರ್ಕ ಕಡಿದುಹೋಗಿರುವ ರೆಪ್ಲಿಕಾಕ್ಕೆ ಆ ರಕ್ಷಣೆ ಇಲ್ಲ. ಅದು ಓದಬೇಕಾಗಿದ್ದ ಲಾಗ್ ಹೋಗಿಬಿಟ್ಟರೆ ಆ ರೆಪ್ಲಿಕಾವನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

ಕಡತಗಳನ್ನು ‘ಆರ್‌ಎಂ’ ಆಜ್ಞೆಯಿಂದ ನೇರವಾಗಿ ಅಳಿಸಬಾರದು ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಲಾಗ್ ಕಡತಗಳ ಪಟ್ಟಿಯನ್ನು ಸರ್ವರ್ ಒಂದು ಇಂಡೆಕ್ಸ್ ಕಡತದಲ್ಲಿ ಇಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿರುವ ಕಡತ ಡಿಸ್ಕ್‌ನಲ್ಲಿ ಇಲ್ಲದಿದ್ದರೆ ಪರ್ಜ್ ಆಜ್ಞೆ ದೋಷ ತೋರಿಸಿ ನಿಲ್ಲುತ್ತದೆ. ಈಗಾಗಲೇ ಹಾಗೆ ಆಗಿದ್ದರೆ ಇಂಡೆಕ್ಸ್ ಕಡತವನ್ನು ತೆರೆದು, ಇಲ್ಲದ ಕಡತಗಳ ಸಾಲುಗಳನ್ನು ಕೈಯಿಂದ ತೆಗೆದು ಸರಿಪಡಿಸಬೇಕು.

ದಿನದ ಲಾಗ್ ಪ್ರಮಾಣವೇ ತೀರಾ ಹೆಚ್ಚಾಗಿದ್ದರೆ ಎರಡು ಉಪಾಯಗಳಿವೆ. ‘ಬಿನ್‌ಲಾಗ್ ರೋ ಇಮೇಜ್’ ಸೆಟ್ಟಿಂಗನ್ನು ಮಿನಿಮಲ್ ಮಾಡಿದರೆ ಸಾಲನ್ನು ಗುರುತಿಸಲು ಬೇಕಾದ ಕಾಲಂಗಳೂ ಬದಲಾದ ಕಾಲಂಗಳೂ ಮಾತ್ರ ದಾಖಲಾಗುತ್ತವೆ. 8.0.20ರಿಂದ ‘ಬಿನ್‌ಲಾಗ್ ಟ್ರಾನ್ಸಾಕ್ಷನ್ ಕಂಪ್ರೆಶನ್’ ಎಂಬ ಸೌಲಭ್ಯವೂ ಇದ್ದು, ಸಂಸ್ಕಾರಕದ ಸ್ವಲ್ಪ ಹೆಚ್ಚಿನ ಕೆಲಸಕ್ಕೆ ಪ್ರತಿಯಾಗಿ ಲಾಗನ್ನು ಒತ್ತಿ ಚಿಕ್ಕದಾಗಿಸುತ್ತದೆ. ಲಾಗನ್ನು ಬೇರಾವುದಾದರೂ ತಂತ್ರಾಂಶ ಓದುತ್ತಿದ್ದರೆ, ಅದಕ್ಕೆ ಈ ರೂಪಗಳು ಅರ್ಥವಾಗುತ್ತವೆಯೇ ಎಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಅನ್‌ಡೂ ಕಡತಗಳು ಮತ್ತು ಮುಗಿಯದ ಟ್ರಾನ್ಸಾಕ್ಷನ್

ಒಂದು ಸಾಲು ಬದಲಾದಾಗ ಅದರ ಹಿಂದಿನ ರೂಪವನ್ನು ಸರ್ವರ್‌ನ ಸಂಗ್ರಹ ಎಂಜಿನ್ ಆದ ಇನ್ನೋಡಿಬಿ ಅನ್‌ಡೂ ಜಾಗದಲ್ಲಿ ಕಾಪಾಡುತ್ತದೆ. ಬದಲಾವಣೆಗೆ ಮೊದಲೇ ಓದಲು ಆರಂಭಿಸಿದ ಇನ್ನೊಂದು ಟ್ರಾನ್ಸಾಕ್ಷನ್‌ಗೆ ಹಳೆಯ ರೂಪವೇ ಕಾಣಬೇಕಾಗುತ್ತದೆಂಬುದು ಇದಕ್ಕೆ ಒಂದು ಕಾರಣ. 5.7ರ ಮೂಲ ಸೆಟ್ಟಿಂಗ್‌ನಲ್ಲಿ ಈ ಜಾಗ ‘ಐಬಿಡೇಟಾ1’ ಎಂಬ ಹಂಚಿಕೆಯ ಕಡತದೊಳಗೇ ಇತ್ತು. 8.0ರಲ್ಲಿ ‘ಅನ್‌ಡೂ 001’ ಮತ್ತು ‘ಅನ್‌ಡೂ 002’ ಎಂಬ ಎರಡು ಪ್ರತ್ಯೇಕ ಕಡತಗಳಿವೆ. ಹಾಗಾಗಿ ಅಪ್‌ಗ್ರೇಡ್‌ನ ನಂತರ ಎರಡು ಹೊಸ ಕಡತಗಳು ಕಾಣಿಸಿಕೊಳ್ಳುವುದೂ, ಹಳೆಯ ಐಬಿಡೇಟಾ1 ಚಿಕ್ಕದಾಗದೇ ಉಳಿಯುವುದೂ ಸಹಜ.

ಅನ್‌ಡೂ ಕಡತ 1 ಜಿಬಿ ಮೀರಿದರೆ ಅದನ್ನು ಖಾಲಿ ಮಾಡಿ ಕತ್ತರಿಸುವ ಕೆಲಸವನ್ನು 8.0 ತಾನಾಗಿ ಮಾಡುತ್ತದೆ. ಆದರೆ ಯಾರಿಗಾದರೂ ಬೇಕಾಗಬಹುದಾದ ಹಳೆಯ ರೂಪವನ್ನು ಅದು ತೆಗೆಯುವಂತಿಲ್ಲ. ಆದ್ದರಿಂದ ಅನ್‌ಡೂ ಕಡತಗಳು ಹತ್ತಾರು ಜಿಬಿಗೆ ಬೆಳೆದಿದ್ದರೆ ಎಲ್ಲೋ ಒಂದು ಟ್ರಾನ್ಸಾಕ್ಷನ್ ತೆರೆದೇ ಉಳಿದಿದೆಯೆಂದು ತಿಳಿದು ಹುಡುಕಬೇಕು. ಅದು ಬರೆಯುವ ಟ್ರಾನ್ಸಾಕ್ಷನ್ ಆಗಿರಬೇಕಿಲ್ಲ. ಮೂಲ ಸೆಟ್ಟಿಂಗ್‌ನ ‘ರಿಪೀಟಬಲ್ ರೀಡ್’ ಹಂತದಲ್ಲಿ ಒಂದು ಸೆಲೆಕ್ಟ್ ನಡೆಸಿ, ಕಮಿಟ್ ಮಾಡದೆ, ಅಂದರೆ ಟ್ರಾನ್ಸಾಕ್ಷನ್ ಮುಗಿಸದೆ, ಸುಮ್ಮನೆ ಕುಳಿತ ಸಂಪರ್ಕವೂ ಇಡೀ ಸರ್ವರ್‌ನಲ್ಲಿ ಹಳೆಯ ರೂಪಗಳನ್ನು ತೆಗೆಯುವ ಕೆಲಸವನ್ನು ತಡೆಹಿಡಿಯುತ್ತದೆ. ಇನ್‌ಫರ್ಮೇಶನ್ ಸ್ಕೀಮಾದ ‘ಇನ್ನೋಡಿಬಿ ಟಿಆರ್‌ಎಕ್ಸ್’ ಪಟ್ಟಿಯನ್ನು ಆರಂಭದ ಸಮಯದ ಕ್ರಮದಲ್ಲಿ ಕೇಳಿದರೆ ಅತಿ ಹಳೆಯ ಟ್ರಾನ್ಸಾಕ್ಷನ್ ಮೊದಲ ಸಾಲಿನಲ್ಲಿ ಸಿಗುತ್ತದೆ. ‘ಶೋ ಎಂಜಿನ್ ಇನ್ನೋಡಿಬಿ ಸ್ಟೇಟಸ್’ ಕೊಡುವ ವರದಿಯಲ್ಲಿ ‘ಹಿಸ್ಟರಿ ಲಿಸ್ಟ್ ಲೆಂತ್’ ಎಂಬ ಸಂಖ್ಯೆ ಗಂಟೆಗಂಟೆಗೂ ಏರುತ್ತಲೇ ಇದ್ದರೆ ಅನುಮಾನ ದೃಢವಾದಂತೆ.

ಸರ್ವರ್ ಜೊತೆಗೆ, ತಂತ್ರಾಂಶವನ್ನು ಅದಕ್ಕೆ ಸಂಪರ್ಕಿಸುವ ಡ್ರೈವರನ್ನೂ ಬದಲಾಯಿಸಿದ್ದರೆ ಅಲ್ಲಿಯೂ ನೋಡಬೇಕು. ಉದಾಹರಣೆಗೆ ಮೈಎಸ್‌ಕ್ಯೂಎಲ್‌ನ ಪೈಥಾನ್ ಕನೆಕ್ಟರ್‌ನಲ್ಲಿ ಆಟೋಕಮಿಟ್ (ಪ್ರತಿ ಆಜ್ಞೆಯ ನಂತರ ತಾನಾಗಿ ಕಮಿಟ್ ಆಗುವುದು) ಮೂಲತಃ ನಿಷ್ಕ್ರಿಯವಾಗಿರುತ್ತದೆ. ವರದಿ ಓದುವ ಸಣ್ಣ ಸೇವೆಯೊಂದು ಸಂಪರ್ಕವನ್ನು ದಿನವಿಡೀ ತೆರೆದಿಟ್ಟು ಕಮಿಟ್ ಮಾಡದಿದ್ದರೆ ಟ್ರಾನ್ಸಾಕ್ಷನ್ ಕೂಡ ದಿನವಿಡೀ ತೆರೆದಿರುತ್ತದೆ. ಅಂಥ ಸಂಪರ್ಕವನ್ನು ‘ಕಿಲ್’ ಆಜ್ಞೆಯಿಂದ ಮುಗಿಸಬಹುದು. ಓದುವುದನ್ನಷ್ಟೇ ಮಾಡಿದ ಟ್ರಾನ್ಸಾಕ್ಷನ್ ಆದರೆ ದತ್ತಾಂಶಕ್ಕೆ ಧಕ್ಕೆಯಿಲ್ಲ. ಲಕ್ಷಾಂತರ ಸಾಲು ಬರೆದ ಟ್ರಾನ್ಸಾಕ್ಷನ್ ಆದರೆ ಅದೆಲ್ಲವನ್ನೂ ಹಿಂದೆಗೆಯಲು ಬಹಳ ಸಮಯ ಹಿಡಿಯಬಹುದು, ಆ ನಡುವೆ ಸರ್ವರನ್ನು ಬಲವಂತವಾಗಿ ನಿಲ್ಲಿಸಬಾರದು. ಅಡ್ಡಿ ನಿವಾರಣೆಯಾದ ಮೇಲೆ ಸಾಮಾನ್ಯವಾಗಿ ಕಡತಗಳು ತಾವಾಗಿ ಕುಗ್ಗುತ್ತವೆ. ಕುಗ್ಗದಿದ್ದರೆ ‘ಐಬಿಯು’ ಎಂದು ಕೊನೆಗೊಳ್ಳುವ ಹೆಸರಿನ ಮೂರನೆಯ ಅನ್‌ಡೂ ಕಡತವನ್ನು ಸೃಷ್ಟಿಸಿ, ಬೆಳೆದಿರುವ ಅನ್‌ಡೂ ಟೇಬಲ್‌ಸ್ಪೇಸನ್ನು ‘ಇನ್‌ಆಕ್ಟಿವ್’ ಮಾಡಿ, ಟೇಬಲ್‌ಸ್ಪೇಸಸ್ ಪಟ್ಟಿಯಲ್ಲಿ ಅದರ ಸ್ಥಿತಿ ‘ಎಂಪ್ಟಿ’ ಎಂದು ಬಂದ ನಂತರ ಮತ್ತೆ ‘ಆಕ್ಟಿವ್’ ಮಾಡಬೇಕು. ಮೂರನೆಯದು ಬೇಕಾಗುವುದು ಏಕೆಂದರೆ ಯಾವಾಗಲೂ ಕನಿಷ್ಠ ಎರಡು ಸಕ್ರಿಯವಾಗಿರಬೇಕು.

ತಾತ್ಕಾಲಿಕ ಟೇಬಲ್‌ಗಳು

ದೊಡ್ಡ ವರದಿಗಳಿಗೆ ಸರ್ವರ್ ಒಳಗೊಳಗೇ ತಾತ್ಕಾಲಿಕ ಟೇಬಲ್ ಕಟ್ಟಿಕೊಳ್ಳುತ್ತದೆ. 5.7ರಲ್ಲಿ ಇವು ಡಿಸ್ಕ್‌ಗೆ ಇಳಿದಾಗ ‘ಐಬಿಟಿಎಂಪಿ1’ ಎಂಬ ಒಂದೇ ಕಡತಕ್ಕೆ ಹೋಗುತ್ತಿದ್ದವು, ಮತ್ತು ಬೆಳೆದ ಆ ಕಡತ ಸರ್ವರ್ ಮರುಆರಂಭವಾಗುವ ತನಕ ಕುಗ್ಗುತ್ತಿರಲಿಲ್ಲ. 8.0.13ರಿಂದ ಪ್ರತಿ ಸೆಷನ್‌ಗೂ ‘ಇನ್ನೋಡಿಬಿ ಟೆಂಪ್’ ಎಂಬ ಫೋಲ್ಡರ್‌ನಲ್ಲಿ ಪ್ರತ್ಯೇಕ ಕಡತವಿದ್ದು, ಸಂಪರ್ಕ ಮುಗಿದಾಗ ಅದು ಕತ್ತರಿಸಲ್ಪಡುತ್ತದೆ. ಇದು ಒಳ್ಳೆಯ ಬದಲಾವಣೆಯೇ. ಆದರೆ ಸಂಪರ್ಕಗಳನ್ನು ಮುಚ್ಚದೆ ಮರುಬಳಸುವ ಕನೆಕ್ಷನ್ ಪೂಲ್ ಇದ್ದಲ್ಲಿ ‘ಸಂಪರ್ಕ ಮುಗಿಯುವುದು’ ಎಂಬುದೇ ಇರುವುದಿಲ್ಲವಾದ್ದರಿಂದ ಕಡತ ಬೆಳೆದೇ ಉಳಿಯುತ್ತದೆ. ‘ಇನ್ನೋಡಿಬಿ ಸೆಷನ್ ಟೆಂಪ್ ಟೇಬಲ್‌ಸ್ಪೇಸಸ್’ ಪಟ್ಟಿ ಯಾವ ಸಂಪರ್ಕ ಎಷ್ಟು ಜಾಗ ಹಿಡಿದಿದೆ ಎಂದು ಹೇಳುತ್ತದೆ. ಪೂಲ್‌ನ ಸೆಟ್ಟಿಂಗ್‌ನಲ್ಲಿ ಸಂಪರ್ಕಕ್ಕೆ ಒಂದು ಗರಿಷ್ಠ ಆಯಸ್ಸನ್ನು ಕೊಟ್ಟರೆ ಸಮಸ್ಯೆ ತೀರುತ್ತದೆ.

ಡಿಎಫ್ ಮತ್ತು ಡಿಯು ನಡುವೆ ವ್ಯತ್ಯಾಸ ಕಂಡಿದ್ದರೆ ಇಲ್ಲಿಗೂ ಅದು ಸಂಬಂಧಿಸಿರಬಹುದು. 8.0ರ ‘ಟೆಂಪ್‌ಟೇಬಲ್’ ಎಂಜಿನ್ ನೆನಪಿನ ಮಿತಿ ಮೀರಿದಾಗ ತಾತ್ಕಾಲಿಕ ಕಡತಗಳನ್ನು ತೆರೆದು, ಆ ಕೂಡಲೇ ಅವುಗಳ ಹೆಸರನ್ನು ಅಳಿಸುತ್ತದೆ. ಅವು ಜಾಗ ಹಿಡಿದಿರುತ್ತವೆ, ಆದರೆ ಫೋಲ್ಡರ್‌ನಲ್ಲಿ ಕಾಣುವುದಿಲ್ಲ.

ಸರ್ವರ್ ಹಠಾತ್ತನೆ ನಿಂತರೆ ಚೇತರಿಸಿಕೊಳ್ಳಲು ಇಟ್ಟುಕೊಳ್ಳುವ ರೀಡೂ ಲಾಗ್ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. 8.0.30ರಿಂದ ಅದು 32 ಕಡತಗಳಾಗಿ ಒಂದು ಪ್ರತ್ಯೇಕ ಫೋಲ್ಡರ್‌ನಲ್ಲಿರುವುದರಿಂದ ಹೊಸಬರಿಗೆ ಗಾಬರಿ ಹುಟ್ಟಿಸುತ್ತದೆ, ಆದರೆ ಅದರ ಒಟ್ಟು ಗಾತ್ರಕ್ಕೆ ನಿಗದಿತ ಮಿತಿಯಿದೆ. ಮೂಲ ಮೌಲ್ಯ 100 ಎಂಬಿ.

ಟೇಬಲ್‌ಗಳೇ ಬೆಳೆದಿದ್ದರೆ

ಮೇಲಿನ ಯಾವುದೂ ಅಲ್ಲವೆಂದು ಖಚಿತವಾದ ಮೇಲೆಯೇ ಟೇಬಲ್‌ಗಳತ್ತ ತಿರುಗಬೇಕು. ಅಪ್‌ಗ್ರೇಡ್ ಯಾವ ರೀತಿ ನಡೆಯಿತು ಎಂಬುದು ಇಲ್ಲಿ ಮುಖ್ಯ. ಇದ್ದ ಫೋಲ್ಡರ್‌ನ ಮೇಲೆಯೇ ಹೊಸ ಆವೃತ್ತಿಯನ್ನು ನಡೆಸಿದ್ದರೆ ಟೇಬಲ್‌ಗಳ ಕಡತಗಳು ಬಹುಮಟ್ಟಿಗೆ ಹಿಂದಿನಂತೆಯೇ ಇರುತ್ತವೆ. ಡಂಪ್ (ದತ್ತಾಂಶವನ್ನು ಮತ್ತೆ ಕಟ್ಟುವ ಆಜ್ಞೆಗಳ ಪಠ್ಯಕಡತ) ತೆಗೆದು ಹೊಸ ಸರ್ವರ್‌ಗೆ ತುಂಬಿದ್ದರೆ ಕಡತಗಳು ಮೊದಲ ದಿನ ಹಿಂದಿಗಿಂತ ಚಿಕ್ಕದಾಗಿದ್ದು, ಆಮೇಲೆ ಬೇಗ ಬೇಗ ಬೆಳೆಯುವಂತೆ ಕಾಣುತ್ತವೆ. ಸಾಲುಗಳನ್ನು ಇಡುವ ಇನ್ನೋಡಿಬಿಯ ಪುಟ ಮೂಲ ಸೆಟ್ಟಿಂಗ್‌ನಲ್ಲಿ 16 ಕೆಬಿ ಗಾತ್ರದ್ದು. ಸಾಲುಗಳು ಕೀ ಕ್ರಮದಲ್ಲಿ ಬಂದರೆ ಪುಟಗಳು 16ರಲ್ಲಿ 15 ಭಾಗದಷ್ಟು ತುಂಬುತ್ತವೆ. ಕ್ರಮವಿಲ್ಲದೆ ಬಂದರೆ ಪುಟಗಳು ಒಡೆದು, ಅರ್ಧದಿಂದ ಆ ಮಟ್ಟದವರೆಗೆ ಎಷ್ಟಾದರೂ ತುಂಬಿರಬಹುದು. ಡಂಪ್‌ನಿಂದ ಕ್ರಮವಾಗಿ ತುಂಬಿದ ಬಿಗಿಯಾದ ಪುಟಗಳು ದಿನನಿತ್ಯದ ಬಳಕೆಯಲ್ಲಿ ಮತ್ತೆ ಸಡಿಲಗೊಳ್ಳುತ್ತವೆ. ಹೋಲಿಕೆಗೆ ಅಪ್‌ಗ್ರೇಡ್ ಆದ ದಿನದ ಗಾತ್ರವನ್ನು ಹಿಡಿಯದೆ ಅದಕ್ಕೂ ಹಿಂದಿನ ಹಳೆಯ ಸರ್ವರ್‌ನ ಗಾತ್ರವನ್ನು ಹಿಡಿದರೆ ಈ ಬೆಳವಣಿಗೆ ಅಸಹಜವಲ್ಲವೆಂಬುದು ತಿಳಿಯುತ್ತದೆ.

ಕನ್ನಡ ಪಠ್ಯವನ್ನು ಸಂಗ್ರಹಿಸುವವರು ಅಕ್ಷರ ಸಂಕೇತದ ಬದಲಾವಣೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. 8.0ರ ಮೂಲ ಸಂಕೇತ ‘ಯುಟಿಎಫ್8 ಎಂಬಿ4’, 5.7ರಲ್ಲಿ ಅದು ‘ಲ್ಯಾಟಿನ್1’ ಆಗಿತ್ತು. ಈ ಬದಲಾವಣೆ ಹೊಸದಾಗಿ ಸೃಷ್ಟಿಸುವ ಡೇಟಾಬೇಸ್ ಮತ್ತು ಟೇಬಲ್‌ಗಳಿಗೆ ಅನ್ವಯಿಸುತ್ತದೆಯೇ ಹೊರತು ಇರುವ ಟೇಬಲ್‌ಗಳನ್ನು ತಾನಾಗಿ ಪರಿವರ್ತಿಸುವುದಿಲ್ಲ. ಹಿಂದೆಯೇ ಮೂರು ಬೈಟ್‌ಗಳ ಹಳೆಯ ಯುಟಿಎಫ್8ರಲ್ಲಿ ಕನ್ನಡ ಇಟ್ಟಿದ್ದವರು ನಾಲ್ಕು ಬೈಟ್‌ಗಳ ಸಂಕೇತಕ್ಕೆ ಬಂದರೆ ಪಠ್ಯ ಹಿಗ್ಗುತ್ತದೆಯೆಂದು ಹೆದರಬೇಕಾಗಿಲ್ಲ: ಕನ್ನಡದ ಪ್ರತಿ ಯೂನಿಕೋಡ್ ಸಂಕೇತಬಿಂದುವೂ ಎರಡರಲ್ಲಿಯೂ 3 ಬೈಟ್‌ಗಳನ್ನೇ ತೆಗೆದುಕೊಳ್ಳುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ನಡುವಿನ ಹಲಂತವೂ ಸೇರಿ 5 ಸಂಕೇತಬಿಂದುಗಳಿದ್ದು, ಹಿಂದೆಯೂ 15 ಬೈಟ್, ಈಗಲೂ 15 ಬೈಟ್. ಆದರೆ ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಫಾಂಟ್‌ಗಳ ಆಸ್ಕಿ ಸಂಕೇತದಲ್ಲಿದ್ದ ಹಳೆಯ ಪಠ್ಯವನ್ನು ತಂತ್ರಾಂಶದ ಹೊಸ ಆವೃತ್ತಿ ಇದೇ ಸಂದರ್ಭದಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿದ್ದರೆ ಪರಿಸ್ಥಿತಿ ಬೇರೆ. ಅಲ್ಲಿ ಅಕ್ಷರದ ಒಂದೊಂದು ತುಣುಕಿಗೆ ಒಂದು ಬೈಟ್ ಸಾಕಾಗುತ್ತಿತ್ತು. ಇಲ್ಲಿ ಪ್ರತಿ ಸಂಕೇತಬಿಂದುವಿಗೆ ಮೂರು. ಆ ಕಾಲಂಗಳೂ ಅವುಗಳ ಮೇಲಿನ ಇಂಡೆಕ್ಸ್‌ಗಳೂ ದೊಡ್ಡದಾಗುವುದು ಅನಿವಾರ್ಯ. ಈ ಬೆಳವಣಿಗೆಯನ್ನು ತಡೆಯಲು ಹೋಗಬಾರದು. ಹುಡುಕಲು, ವಿಂಗಡಿಸಲು ಬರುವ ಕನ್ನಡ ಪಠ್ಯ ಆ ಬೆಲೆಗೆ ಖಂಡಿತವಾಗಿ ತಕ್ಕದ್ದು. ಅದಕ್ಕೆ ಬೇಕಾದ ಜಾಗವನ್ನು ಮೊದಲೇ ಲೆಕ್ಕಹಾಕಿ ಒದಗಿಸಬೇಕು.

ಇವೆರಡೂ ಅಲ್ಲದೆ ನಿರ್ದಿಷ್ಟವಾಗಿ ಒಂದೆರಡು ಟೇಬಲ್‌ಗಳು ಬೆಳೆಯುತ್ತಿದ್ದರೆ, ತಂತ್ರಾಂಶದ ಹೊಸ ಆವೃತ್ತಿ ಸೇರಿಸಿದ ಲೆಕ್ಕಪರಿಶೋಧನೆಯ ಟೇಬಲ್, ಸೆಷನ್ ಟೇಬಲ್ ಅಥವಾ ಹೊಸ ಇಂಡೆಕ್ಸ್‌ಗಳನ್ನು ಹುಡುಕಿ. ಬಹಳ ಸಾಲುಗಳನ್ನು ಅಳಿಸಿದ ನಂತರವೂ ಕಡತ ಕುಗ್ಗದಿದ್ದರೆ ‘ಆಪ್ಟಿಮೈಸ್ ಟೇಬಲ್’ ನಡೆಸಬಹುದು. ಇನ್ನೋಡಿಬಿಯಲ್ಲಿ ಅದು ಟೇಬಲನ್ನು ಹೊಸದಾಗಿ ಕಟ್ಟುತ್ತದೆಯಾದ್ದರಿಂದ ಕೆಲಸ ಮುಗಿಯುವ ತನಕ ಹಳೆಯ ಕಡತ, ಹೊಸ ಕಡತ ಎರಡೂ ಡಿಸ್ಕ್‌ನಲ್ಲಿರುತ್ತವೆ. 80 ಜಿಬಿಯ ಟೇಬಲ್ ಇದ್ದು 20 ಜಿಬಿ ಜಾಗವಷ್ಟೇ ಉಳಿದಿರುವಾಗ ಈ ಆಜ್ಞೆ ಕೊಡುವುದು ಡಿಸ್ಕ್ ಪೂರ್ತಿ ತುಂಬಲು ದಾರಿ ಮಾಡಿಕೊಟ್ಟಂತೆ.

ಐಬಿಡೇಟಾ1 ಕುಗ್ಗಿಸುವುದು

ಟೇಬಲ್‌ನ ಸ್ವಂತ ಕಡತಗಳು ಕುಗ್ಗಬಹುದು, ಅನ್‌ಡೂ ಕಡತಗಳು ಕುಗ್ಗಬಹುದು, ಆದರೆ ಒಮ್ಮೆ ಬೆಳೆದ ಐಬಿಡೇಟಾ1 ಎಂದೂ ಕುಗ್ಗುವುದಿಲ್ಲ. 5.7ರ ವರ್ಷಗಳಲ್ಲಿ ಅನ್‌ಡೂನಿಂದಾಗಿ 50 ಜಿಬಿಗೆ ಬೆಳೆದಿದ್ದರೆ 8.0ರಲ್ಲಿ ಆ ಜಾಗ ಬಹುಪಾಲು ಖಾಲಿಯಿದ್ದರೂ ಕಡತ 50 ಜಿಬಿಯಾಗಿಯೇ ಇರುತ್ತದೆ. ಅದನ್ನು ಅಳಿಸಿದರೆ ಇಡೀ ಡೇಟಾಬೇಸ್ ಕೈತಪ್ಪುತ್ತದೆ. ಕಡತ ಬೆಳೆಯುತ್ತಿಲ್ಲ, ದೊಡ್ಡದಾಗಿದೆ ಅಷ್ಟೇ ಎಂದಾದರೆ ಅದನ್ನು ಹಾಗೆಯೇ ಬಿಡುವುದು ಉತ್ತಮ. ಡಿಸ್ಕ್‌ನ ಬೆಲೆಗಿಂತ ಕೆಲಸ ನಿಲ್ಲಿಸುವ ಬೆಲೆ ಸಾಮಾನ್ಯವಾಗಿ ಹೆಚ್ಚು.

ಕುಗ್ಗಿಸಲೇಬೇಕಾದರೆ ಎಲ್ಲವನ್ನೂ ಡಂಪ್ ತೆಗೆದು, ಹೊಸ ಡೇಟಾ ಫೋಲ್ಡರ್ ಆರಂಭಿಸಿ, ಮರಳಿ ತುಂಬುವುದೊಂದೇ ಮಾರ್ಗ. ಡಂಪ್ ತೆಗೆಯುವಾಗ ಎಲ್ಲ ಡೇಟಾಬೇಸ್‌ಗಳನ್ನು ಕೇಳಿದರೂ 8.0ರಲ್ಲಿ ಸರ್ವರ್‌ನಲ್ಲೇ ಇಟ್ಟ ಆಜ್ಞಾಸರಣಿಗಳಾದ ಸ್ಟೋರ್ಡ್ ಪ್ರೊಸೀಜರ್‌ಗಳೂ ನಿಗದಿತ ಸಮಯಕ್ಕೆ ನಡೆಯುವ ಈವೆಂಟ್‌ಗಳೂ ತಾವಾಗಿ ಸೇರುವುದಿಲ್ಲ. ‘ರೂಟೀನ್ಸ್’ ಮತ್ತು ‘ಈವೆಂಟ್ಸ್’ ಎಂಬ ಆಯ್ಕೆಗಳನ್ನು ಹೆಸರಿಸಿ ಕೇಳಬೇಕು. ಆ ಡಂಪನ್ನು ಮೊದಲು ಬೇರೊಂದು ಯಂತ್ರದಲ್ಲಿ ತುಂಬಿ, ಮುಖ್ಯ ಟೇಬಲ್‌ಗಳ ಸಾಲುಗಳ ಸಂಖ್ಯೆಯನ್ನೂ ಪ್ರೊಸೀಜರ್‌ಗಳ ಪಟ್ಟಿಯನ್ನೂ ಮೂಲದೊಂದಿಗೆ ಹೋಲಿಸಿ ನೋಡುವ ತನಕ ಹಳೆಯ ಫೋಲ್ಡರ್ ಮುಟ್ಟಬಾರದು. ನಿಜವಾದ ಸರ್ವರ್‌ಗೆ ತುಂಬುವಾಗ ಇಡೀ ದತ್ತಾಂಶ ಬೈನರಿ ಲಾಗ್‌ನಲ್ಲಿಯೂ ಮತ್ತೊಮ್ಮೆ ಬರೆಯಲ್ಪಡುತ್ತದೆಂಬುದನ್ನು ನೆನಪಿಡಿ. ರೆಪ್ಲಿಕಾಗಳಿಲ್ಲದ ಕಡೆ ಆ ಸೆಷನ್‌ನಲ್ಲಿ ‘ಎಸ್‌ಕ್ಯೂಎಲ್ ಲಾಗ್ ಬಿನ್’ ಅನ್ನು ಸೊನ್ನೆ ಮಾಡಿಕೊಂಡು ತುಂಬಿದರೆ ಅಷ್ಟು ಜಾಗ ಉಳಿಯುತ್ತದೆ. ತುಂಬಿ ಮುಗಿದ ಕೂಡಲೇ ಹೊಸದಾಗಿ ಒಂದು ಪೂರ್ಣ ಬ್ಯಾಕಪ್ ತೆಗೆಯಿರಿ, ಏಕೆಂದರೆ ಹಳೆಯ ಬ್ಯಾಕಪ್‌ಗೂ ಈ ಸರ್ವರ್‌ನ ಮುಂದಿನ ಬೈನರಿ ಲಾಗ್‌ಗಳಿಗೂ ನಡುವಿನ ಕೊಂಡಿ ಅಲ್ಲಿಗೆ ಕಡಿದಿರುತ್ತದೆ.